ಕಾಗದದ ಕೋಟು

ಸೆಪ್ಟೆಂಬರ್ 4, ಸೋಮವಾರ

ಬಂದು ಇಳಿದಾಯಿತು. ರೈಲು, ಬಸ್ಸು, ಕೊನೆಗೆ ಮುಖ್ಯೋಪಾಧ್ಯಾಯ ಮೂ ಅವರ ಮೂರು ಚಕ್ರದ ಗಾಡಿ. ಹಿಂದೆ ಆಲೂಗಡ್ಡೆ ಚೀಲಗಳ ನಡುವೆ ನಾನು ಮತ್ತು ನನ್ನ ಸೂಟ್‌ಕೇಸು. ಗಾನ್ಸು ಪ್ರಾಂತ್ಯದ ಈ ಯಾಂಗ್‌ವಾನ್ ಹಳ್ಳಿಯಲ್ಲಿ ಗುಡ್ಡ ಹಳದಿ, ಗೋಡೆ ಹಳದಿ, ಮುಖ ಒರೆಸಿದ ಕರವಸ್ತ್ರವೂ ಹಳದಿ. ದಕ್ಷಿಣದ ನಮ್ಮ ಚ್ವಾನ್‌ಝೌನಲ್ಲಿ ಈಗ ಸಮುದ್ರದ ಗಾಳಿ ಬೀಸುತ್ತಿರುತ್ತದೆ.

ಒಂದನೇ ತರಗತಿ, ಹನ್ನೊಂದು ಮಕ್ಕಳು. ಮನೆಯಲ್ಲಿ ಆಡುವ ಮಾತೇ ಬೇರೆ, ಪುಸ್ತಕದ ಮಾತೇ ಬೇರೆ. ಪುಸ್ತಕದ ಮಾತು ಬಂತೆಂದರೆ ಬಾಯಿಗೆ ಬೀಗ. ಅದಕ್ಕಾಗಿ ತಾಲೂಕು ಕಚೇರಿಯವರು ಒಂದು ಕೈಪಿಡಿ ಮಾಡಿದ್ದಾರೆ. ತಿಂಗಳಿಗೊಂದು ಹಬ್ಬ, ಒಂದು ಕಥೆ, ಒಂದು ಕೈಕೆಲಸ. ಹಬ್ಬ ಹಿಡಿದುಕೊಂಡು ಮಾತು ಕಲಿಸಬೇಕಂತೆ. ದಕ್ಷಿಣದಿಂದ ಅರ್ಧ ವರ್ಷಕ್ಕೆ ಟೀಚರ್ ಬೇಕು ಎಂದಾಗ ನಮ್ಮ ಶಾಲೆಯಲ್ಲಿ ಕೈ ಎತ್ತಿದವಳು ನಾನೊಬ್ಬಳೇ.

ದಾರಿಯಲ್ಲಿ ಮೂ ಕೇಳಿದರು, “ಮನೇಲಿ ಯಾರ್ಯಾರಿದ್ದೀರಿ ಮೇಡಂ?”

“ಅಮ್ಮ, ನಾನು,” ಅಂದೆ. “ಮದುವೆ ಆಗ್ಲಿಲ್ಲ.”

ಸುಳ್ಳು. ಮಾರ್ಚ್‌ನಲ್ಲಿ ಸ್ಮಶಾನದಿಂದ ಹಿಂತಿರುಗಿದ ಮೇಲೆ ಆ ಮನೆಯಲ್ಲಿ ನಾನು ಒಂಟಿ. ಆದರೆ ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಇಲ್ಲಿ ಯಾರಿಗೂ ಹೇಳುವುದಿಲ್ಲ, ಈ ಡೈರಿಯಲ್ಲಿ ಬರೆಯುವುದೂ ಇಲ್ಲ.

ಇನ್ನು 138 ದಿನ. ಸೂಟ್‌ಕೇಸು ಬಿಚ್ಚಿಲ್ಲ, ಬೇಕಾದ್ದನ್ನಷ್ಟೇ ಎಳೆದುಕೊಂಡಿದ್ದೇನೆ.

ಸೆಪ್ಟೆಂಬರ್ 12, ಮಂಗಳವಾರ

ಕಿಟಕಿ ಪಕ್ಕ ಮೂರನೇ ಬೆಂಚಿನಲ್ಲಿ ಒಬ್ಬಳು ಕೂರುತ್ತಾಳೆ. ಹೆಸರು ಮೈಸ್ವೇ, ಗೋಧಿ ತೆನೆ ಎಂದು ಅರ್ಥ. ಏಳು ವರ್ಷ. ಇವತ್ತಿನವರೆಗೆ ಒಂದು ಮಾತಾಡಿಲ್ಲ. ಹಾಜರಿ ಕೂಗಿದರೆ ಪಕ್ಕದ ಬಾಯಿಬಡುಕಿ ಜಿನ್‌ಝಿ, “ಬಂದಿದಾಳೆ ಟೀಚರ್, ಇಲ್ಲೇ ಇದಾಳೆ!” ಎಂದು ಅವಳ ಜಡೆ ಹಿಡಿದು ತೋರಿಸುತ್ತಾಳೆ.

ಮೂ ಅವರನ್ನು ಕೇಳಿದೆ.

“ತಾಯಿ ಜೊತೆ ದಕ್ಷಿಣದ ಫ್ಯಾಕ್ಟರಿ ಊರಲ್ಲಿತ್ತು ಮಗು,” ಅಂದರು. “ಅಪ್ಪ ಅನ್ನಿಸ್ಕೊಂಡೋನು ಎಲ್ಲೋ ಕಂಬಿ ಕಿತ್ತ. ಆಗಸ್ಟಲ್ಲಿ ತಾಯಿ ಕರ್ಕೊಂಡು ಬಂದು ತನ್ನ ಅಮ್ಮ ಹೋ ಅಜ್ಜಿ ಹತ್ರ ಬಿಟ್ಟು, ಮಗು ಏಳೋ ಮುಂಚೆ ಬಸ್ ಹತ್ತಿದ್ಲು. ಅವತ್ತಿಂದ ಹೀಗೇ.”

“ಮನೇಲಿ?”

“ಕೋಳಿಗಳ ಹತ್ರ ಏನೋ ಪಿಸಪಿಸ ಅಂತಾಳಂತೆ. ಅಜ್ಜಿ ಹತ್ರ ಹೋದ್ರೆ ಅದೂ ಬಂದ್.” ಆಮೇಲೆ ದನಿ ತಗ್ಗಿಸಿ, “ಜನವರಿಲಿ ತಾಲೂಕಿಂದ ಬರ್ತಾರೆ ಮೇಡಂ. ಮಗು ಒಂದು ಹಬ್ಬದ ಚಿತ್ರ ಎತ್ಕೊಂಡು ಐದು ವಾಕ್ಯ ಹೇಳ್ಬೇಕು. ಹೇಳ್ದಿದ್ರೆ ಪಟ್ಟಣದ ವಿಶೇಷ ಶಾಲೆಗೆ ಹಾಕ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ, ತಿಂಗಳಿಗೊಂದ್ಸಲ ಮನೆ. ಮೊದಲು ತಾಯಿ ಹೋದ್ಲು, ಈಗ ಅಜ್ಜಿನೂ ಕೈ ತಪ್ಪಿದ್ರೆ ಆ ಮಗು ಇನ್ನು ಬಾಯಿ ಬಿಡುತ್ತಾ, ನೀವೇ ಹೇಳಿ.”

ನಾನೇನು ಹೇಳಲಿ. ನಾನಿರುವುದು ಅರ್ಧ ವರ್ಷ, ಊರಿನ ಜಡ್ಡನ್ನೆಲ್ಲ ನನ್ನ ತಲೆಗೆ ಕಟ್ಟಿದಂತೆ ಮಾತಾಡುತ್ತಾರೆ. ಇನ್ನು 130.

ಸೆಪ್ಟೆಂಬರ್ 28, ಗುರುವಾರ

ನಾಳೆ ಚಂದ್ರನ ಹಬ್ಬ. ಹಿಟ್ಟು ನಾದಿಸಿ ಮಕ್ಕಳ ಕೈಯಲ್ಲಿ ಚಂದ್ರನ ರೊಟ್ಟಿ ತಟ್ಟಿಸಿದೆ. “ಚಂದ್ರ ದುಂಡಗಿದೆ, ರೊಟ್ಟಿ ದುಂಡಗಿದೆ, ಮನೆಯವರೆಲ್ಲ ಸುತ್ತ ಕೂತಿದ್ದೇವೆ” ಎಂದು ಹೇಳಿಸಿದೆ. ಹತ್ತು ಮಕ್ಕಳು ಗಂಟಲು ಹರಿದುಕೊಂಡು ಕೂಗಿದರು. ಅವರಲ್ಲಿ ಏಳು ಮಕ್ಕಳ ಅಪ್ಪ ಅಮ್ಮ ದೂರದೂರಲ್ಲಿ ದುಡಿಯುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಯಾರು ಸುತ್ತ ಕೂರುತ್ತಾರೋ ಕೈಪಿಡಿ ಬರೆದವರನ್ನೇ ಕೇಳಬೇಕು.

ಮೈಸ್ವೇ ರೊಟ್ಟಿ ತಿನ್ನಲಿಲ್ಲ, ಜೇಬಿಗೆ ಹಾಕಿಕೊಂಡಳು. ನಾನೂ ನನ್ನದನ್ನು ತಿನ್ನಲಿಲ್ಲ. 114.

ಅಕ್ಟೋಬರ್ 22, ಭಾನುವಾರ

ಹೋ ಅಜ್ಜಿ ಬಂದಿದ್ದಳು. ಕುಳ್ಳಗೆ, ಕಪ್ಪಗೆ, ಬಾಗಿಲಲ್ಲೇ ಜೋರು ದನಿ.

“ಟೀಚರಮ್ಮಾ, ಒಳಗಿದ್ಯೇನವ್ವಾ? ಅಯ್ಯೋ, ಇದೇನು ಹಿಂಗೆ ಸೊರಗಿದ್ದೀಯ! ನಿಮ್ಮ ಸಮುದ್ರದ ಜನ ಮೀನು ಇಲ್ದಿದ್ರೆ ಉಣ್ಣಲ್ವಾ?” ಎನ್ನುತ್ತ ಆಲೂಗಡ್ಡೆಯ ಚೀಲ ಇಳಿಸಿದಳು. ನನ್ನ ಇಟ್ಟಿಗೆ ಮಂಚದ ಮೇಲೆ ಕೈಯಿಟ್ಟು, “ತಣ್ಣಗಿದೆ! ಕೆಳಗೆ ಬೆಂಕಿ ಹಾಕೋಕೂ ಬರಲ್ವಾ? ಓದಿದೋರಂತೆ!” ಎಂದು ಬೈದು ತಾನೇ ಹಾಕಿದಳು. ಹಾಕಿದ್ದಕ್ಕೆ ಈಗ ಬೆಚ್ಚಗಿದೆ, ಅದು ನಿಜ.

ಹೋಗುವಾಗ ಕೇಳಿದಳು, “ನಿಮ್ಮಮ್ಮನ ಪಾದ ಎಷ್ಟುದ್ದ?”

ಯಾಕೆ ಎಂದು ಕೇಳದೆ ಗೇಣು ಹಾಕಿ ತೋರಿಸಿದೆ. ನನ್ನ ಕೈಗೆ ಆ ಅಳತೆ ಗೊತ್ತಿತ್ತು. ಕೊನೆಯ ವರ್ಷ ದಿನವೂ ತೊಳೆದ ಪಾದ. ಅಜ್ಜಿ ಷರಾಯಿಯ ಜೇಬಿನಿಂದ ನೂಲು ತೆಗೆದು ನನ್ನ ಗೇಣಿಗೆ ಅಳತೆ ಹಿಡಿದುಕೊಂಡಳು.

“ಶೂ ಒಳಗೆ ಹಾಕೋ ಅಟ್ಟೆ ಹೊಲಿತೀನಿ, ಕಸೂತಿ ಹಾಕಿ. ಚಳಿಗೆ ಬೆಚ್ಚಗಿರುತ್ತೆ. ಅಂಚೇಲಿ ಕಳಿಸು. ನನ್ ಮೊಮ್ಮಗಳಿಗೆ ಮಾತು ಕಲಿಸು, ನಾನ್ ನಿನ್ ತಾಯಿ ಕಾಲು ಕಾಯ್ತೀನಿ.”

ಬೇಡ ಎನ್ನಬೇಕಿತ್ತು. “ಆಗಲಿ ಅಜ್ಜಿ” ಅಂದೆ. ನನ್ನ ಬುದ್ಧಿಗೆ ಏನಾಗಿದೆಯೋ. 90.

ನವೆಂಬರ್ 10, ಶುಕ್ರವಾರ

ಇವತ್ತು ಗೆದ್ದೆ!

ಸೋಮವಾರ ಚಳಿಬಟ್ಟೆಯ ದಿನ. ಈ ಕಡೆಯವರು ಚಾಂದ್ರಮಾನದ ಹತ್ತನೇ ತಿಂಗಳ ಮೊದಲ ದಿನ ಕಾಗದದಲ್ಲಿ ಬಟ್ಟೆ ಕತ್ತರಿಸಿ, ಒಳಗೆ ಹತ್ತಿ ಇಟ್ಟು, ಹೆಸರು ಬರೆದು, ಸತ್ತವರಿಗೆ ಸುಟ್ಟು ಕಳಿಸುತ್ತಾರೆ. ನಮ್ಮ ಕಡೆ ಇದಿಲ್ಲ, ನಾನು ಕೈಪಿಡಿಯಲ್ಲಿ ಓದಿದ್ದು. ಕೋಟು, ಷರಾಯಿ, ತೋಳು, ಗುಂಡಿ, ಹತ್ತಿ, ಎಷ್ಟು ಪದಗಳು ಒಂದೇ ಪಾಠದಲ್ಲಿ! ಆದರೆ ಕೈಪಿಡಿಯಲ್ಲೇ ‘ಚಿಕ್ಕ ಮಕ್ಕಳ ಮುಂದೆ ಸಾವಿನ ಮಾತು ಬೇಡ’ ಎಂದೂ ಇದೆ. ನನಗೂ ಬೇಡವಾಗಿತ್ತು. ಆದ್ದರಿಂದ, “ಇದು ನಾವು ಪ್ರೀತಿಸುವವರಿಗೆ ಬೆಚ್ಚನೆ ಬಟ್ಟೆ ಕಳಿಸುವ ಹಬ್ಬ. ನಿಮಗೆ ಯಾರು ತುಂಬ ನೆನಪಾಗುತ್ತಾರೋ ಅವರಿಗೊಂದು ಮಾಡಿ” ಅಂದೆ.

ಜಿನ್‌ಝಿ ಎದ್ದು, “ಟೀಚರ್, ನಮ್ಮನೇಲಿ ಅದು ಗುಡ್ಡದ ಮೇಲಿನ ತಾತಂಗೆ ಮಾತ್ರ,” ಅಂದಳು.

“ಸರಿ, ನೀನು ತಾತನಿಗೇ ಮಾಡು. ಕೂತ್ಕೋ,” ಅಂದೆ.

ಮೈಸ್ವೇ ಕತ್ತರಿ ಹಿಡಿದಳು. ನೀಲಿ ಕಾಗದ ಆರಿಸಿಕೊಂಡಳು. ತೋಳು ಉದ್ದಕ್ಕೆ, ಕುತ್ತಿಗೆಗೆ ಪಟ್ಟಿ, ಐದು ಗುಂಡಿ. ಹತ್ತಿಯನ್ನು ತೋಳಿನ ತುದಿಯವರೆಗೂ ತುಂಬಿದಳು. ಆಮೇಲೆ ನನ್ನ ಹತ್ತಿರ ಬಂದು ನನ್ನ ತೋಳು ಜಗ್ಗಿ, ಕಪ್ಪುಹಲಗೆ ತೋರಿಸಿ, ಕೋಟಿನ ಬೆನ್ನು ತೋರಿಸಿದಳು. ಹೆಸರು ಬರೆಯಬೇಕಂತೆ! ಎರಡು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ವಿಷಯ.

“ಯಾರಿಗೆ? ಅಮ್ಮನಿಗಾ?”

ತಲೆಯಾಡಿಸಿದಳು. ಹಾಜರಿ ಪುಸ್ತಕದಲ್ಲಿ ನೋಡಿ ‘ಜೂಫಾಂಗ್’ ಎಂದು ದೊಡ್ಡದಾಗಿ ಹಲಗೆಯ ಮೇಲೆ ಬರೆದೆ. ನಾಲಿಗೆ ಹೊರಚಾಚಿಕೊಂಡು, ಒಂದು ಗೆರೆಯೂ ತಪ್ಪದೆ ನೋಡಿ ಬರೆದಳು. ನಾನು ಅವಳ ಬೆನ್ನು ತಟ್ಟಿದೆ. ಮನೆಗೆ ಕೊಂಡೊಯ್ಯಲು ಹೇಳಿದೆ.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. 71.

ನವೆಂಬರ್ 14, ಮಂಗಳವಾರ

ಇವತ್ತು ಬೆಳಗಿನ ಕವಾಯತು ಮುಗಿಯುವ ಮೊದಲೇ ಹೋ ಅಜ್ಜಿ ಶಾಲೆಯ ಅಂಗಳಕ್ಕೆ ನುಗ್ಗಿದಳು. ಕೈಯಲ್ಲಿ ಹಿಟ್ಟಿನ ಲಟ್ಟಣಿಗೆ, ಕೆಳಗಿಡಲು ಮರೆತಿದ್ದಳು.

“ಏನ್ ಟೀಚರಮ್ಮಾ, ನನ್ ಮಗಳು ಬದುಕಿರೋವಾಗ್ಲೇ ತಿಥಿ ಮಾಡ್ಸಿಬಿಟ್ಯಲ್ಲಾ!”

ನಿನ್ನೆ ಸಂಜೆ ಊರಿನವರೆಲ್ಲ ಅಡ್ಡರಸ್ತೆಯಲ್ಲಿ ಕಾಗದದ ಬಟ್ಟೆ ಸುಡುವಾಗ ಮೈಸ್ವೇಯೂ ಹೋಗಿದ್ದಳು. ಬೇರೆಯವರ ಬೆಂಕಿಯ ಅಂಚಿಗೆ ಸರಿದು ತನ್ನ ನೀಲಿ ಕೋಟು ಹಾಕಿದಳು. ಪಕ್ಕದ ಮನೆಯವಳು ಬೆನ್ನಿನ ಮೇಲಿನ ಹೆಸರು ಓದಿ ಚೀರಿದಳಂತೆ. ಅಷ್ಟರಲ್ಲಿ ಕೋಟು ಬೂದಿ.

“ಯಾರು ಹೇಳ್ಕೊಟ್ಟಿದ್ದು ಅಂದ್ರೆ ಈ ಹುಡುಗಿ ಶಾಲೆ ಕಡೆ ಬೆರಳು ತೋರಿಸ್ತಾಳೆ. ಹೆಸರು ಬರ್ಕೊಟ್ಟಿದ್ದು ಯಾರು? ನೀನೇ! ಅಲ್ಲಿ ಒಬ್ಳೇ ಯಂತ್ರದ ಮುಂದೆ ನಿಲ್ಲೋ ಹೆಣ್ಣು. ಅವಳಿಗೆ ನರಕದ ಬಟ್ಟೆ ಹೊಲ್ಸಿದ್ಯಲ್ಲೇ!”

“ಅಜ್ಜಿ, ಅದು ಕಾಗದ…” ಅಂದೆ. ಮೂ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

ಮೈಸ್ವೇ ಅಜ್ಜಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ನರಕ, ತಿಥಿ, ಎಲ್ಲವನ್ನೂ.

ಒಂದು ಸತ್ಯದ ಮಾತು ಹೇಳಲು ನನಗೆ ಧೈರ್ಯವಿರಲಿಲ್ಲ, ಅದಕ್ಕೆ ಒಂದು ಮಗು ತನ್ನ ತಾಯಿಯನ್ನು ತಾನೇ ಕೊಂದೆ ಅಂದುಕೊಂಡಿದೆ.

ನವೆಂಬರ್ 19, ಭಾನುವಾರ

ಜೂಫಾಂಗ್ ಪ್ರತಿ ಭಾನುವಾರ ಅಜ್ಜಿಗೆ ಫೋನ್ ಮಾಡುತ್ತಾಳೆ. ಇವತ್ತು ಬರಲಿಲ್ಲ. ಅಜ್ಜಿಯೇ ಮಾಡಿದರೆ ಫೋನ್ ಆಫ್.

ನವೆಂಬರ್ 26, ಭಾನುವಾರ

ಇವತ್ತೂ ಇಲ್ಲ. ಮೂ ಫ್ಯಾಕ್ಟರಿಗೆ ಮಾಡಿದರು. ಅವಳು ಕೆಲಸ ಬಿಟ್ಟು ಹದಿನೈದು ದಿನವಾಯಿತಂತೆ, ಎಲ್ಲಿಗೆ ಹೋದಳೋ ತಿಳಿಯದಂತೆ.

ಊರಿನಲ್ಲಿ ನನ್ನನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಮೈಸ್ವೇ ಮೂರು ದಿನದಿಂದ ಶಾಲೆಗೆ ಬಂದಿಲ್ಲ. ಖಾಲಿ ಜಾಗ ನೋಡಿಕೊಂಡು ಪಾಠ ಮಾಡುವುದು ಕಷ್ಟ. ಇವತ್ತು ಇಡೀ ದಿನ ಯಾರ ಜೊತೆಯೂ ಮಾತಾಡಲಿಲ್ಲ. ಸಂಜೆ ಕೆಟಲಿಗೆ “ಸಾಕು, ಕುದಿದೆ” ಎಂದು ಹೇಳಿದಾಗ ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ನವೆಂಬರ್ 30, ಗುರುವಾರ

ಮೂರು ಸಂಜೆಯದ್ದನ್ನು ಒಟ್ಟಿಗೆ ಬರೆಯುತ್ತಿದ್ದೇನೆ.

ಮಂಗಳವಾರ ಹೋ ಅಜ್ಜಿಯ ಮನೆಗೆ ಹೋದೆ. ಬೈಸಿಕೊಳ್ಳಲೆಂದೇ ಹೋದೆ. ಅವಳು ಬೈಯಲಿಲ್ಲ.

“ದಾರಿ ತಪ್ಪಿದ ಅವಳ ಜೀವಾನ ಮನೆಗೆ ಕರೀತೀನಿ,” ಅಂದಳು. “ಮೂರು ಸಂಜೆ ಕರೀಬೇಕು. ನಾನು ಬಾಗಿಲಲ್ಲಿ ನಿಂತು ಕೂಗೋಳು. ಒಳಗಿಂದ ಒಬ್ರು ‘ಬಂದ್ಲು’ ಅನ್ಬೇಕು. ಅವಳ ರಕ್ತದೋರೇ ಅನ್ಬೇಕು.” ಮೈಸ್ವೇ ಕಡೆ ನೋಡಿದಳು. “ಇರೋದು ಇದೊಂದೇ. ಇದಕ್ಕೆ ಬಾಯಿಲ್ಲ.”

“ನಾನು ಹೇಳ್ಲಾ ಅಜ್ಜಿ?”

“ನೀನ್ಯಾರವ್ವಾ ಅವಳಿಗೆ?”

ಸರಿಯಾದ ಮಾತೇ. ಆದರೂ ಮೂಲೆಯಲ್ಲಿ ಕೂತೆ. ಹೊತ್ತು ಮುಳುಗುವಾಗ ಅಜ್ಜಿ ಮಗಳ ಹಳೆಯ ರವಿಕೆಯನ್ನು ಎಡಗೈಗೆ ಹಾಕಿಕೊಂಡು, ಬಾಗಿಲ ಮರಕ್ಕೆ ಸೌಟಿನಿಂದ ಬಡಿದು ಕೂಗಿದಳು. “ಜೂಫಾಂಗ್! ದೂರದೂರಲ್ಲಿ ಹೆದರ್ಕೋಬೇಡ್ವೇ! ಮನೆಗೆ ಬಂದ್ಯೇನೇ?” ಗುಡ್ಡಕ್ಕೆ ತಾಗಿ ಅವಳ ದನಿಯೇ ವಾಪಸು ಬಂತು. ಒಳಗೆ ಮೈಸ್ವೇ ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಅಜ್ಜಿ ಮೂರು ಸಲ ಕೂಗಿದಳು, ಉತ್ತರವಿಲ್ಲ. ನಿನ್ನೆಯೂ ಇಲ್ಲ.

ಇವತ್ತು ಅಜ್ಜಿಯ ಗಂಟಲು ಕಟ್ಟಿತ್ತು. ಮೊದಲ ಸಲ ಕೂಗಿದಳು. ಎರಡನೇ ಸಲ ದನಿಯೇ ಹೊರಡಲಿಲ್ಲ, ಬಾಗಿಲಿಗೆ ಒರಗಿ ಬರೀ ಸೌಟು ಬಡಿದಳು. ಮೈಸ್ವೇ ತಲೆಯೆತ್ತಿ ಅಜ್ಜಿಯ ಬೆನ್ನನ್ನೇ ನೋಡಿದಳು. ಮೂರನೆಯದು ಏನು ಕೂಗಿದಳೆಂದು ನನಗೂ ಸರಿಯಾಗಿ ಕೇಳಿಸಲಿಲ್ಲ.

“ಬಂದ್ಲು,” ಅಂದಳು ಮೈಸ್ವೇ.

ಒರಟು ದನಿ, ಮಗುವಿನ ದನಿಯಂತಲ್ಲ. ಮತ್ತೆ, “ಬಂದ್ಲು ಅಜ್ಜಿ, ಬಂದ್ಲು, ಒಳಗೆ ಬಾ,” ಎಂದು ಓಡಿ ಹೋಗಿ ಅಜ್ಜಿಯ ಸೊಂಟ ಹಿಡಿದುಕೊಂಡಳು. ಅಜ್ಜಿ ರವಿಕೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನಾನು ಸದ್ದು ಮಾಡದೆ ಎದ್ದು ಬಂದೆ. ನನಗೆ ಅಲ್ಲಿ ಜಾಗವಿರಲಿಲ್ಲ.

ಡಿಸೆಂಬರ್ 5, ಮಂಗಳವಾರ

ಜೂಫಾಂಗ್ ಫೋನ್ ಮಾಡಿದಳು! ಬಸ್ಸಿನಲ್ಲಿ ಫೋನ್ ಕಳುವಾಗಿತ್ತಂತೆ. ಕೆಲಸ ಹೋದದ್ದನ್ನು ಹೇಳಲು ನಾಚಿ, ಹೊಸ ಊರಲ್ಲಿ ಬೇರೆ ಕೆಲಸ ಸಿಗುವವರೆಗೆ ಸುಮ್ಮನಿದ್ದಳಂತೆ. ಅಜ್ಜಿ ಅರ್ಧ ಗಂಟೆ ಬೈದು, “ಮಾತಾಡು” ಎಂದು ಮೈಸ್ವೇಯ ಕಿವಿಗೆ ಇಟ್ಟಳಂತೆ. ಮೈಸ್ವೇ ಕೇಳಿದ್ದು ಒಂದೇ, “ಅಮ್ಮಾ, ಚಳಿ ಆಗ್ತಿದ್ಯಾ?”

ಇದನ್ನೆಲ್ಲ ಅಜ್ಜಿಯೇ ಬಂದು ಹೇಳಿದಳು. “ಕರೆದಿದ್ದಕ್ಕೇ ಬಂದ್ಲು ನೋಡು,” ಅಂದಳು. ನಾನು ವಾದ ಮಾಡಲಿಲ್ಲ. ಅವಳು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಕುದಿಸಿ ಕೊಟ್ಟ ಚಹಾ ಕುಡಿದೆ. ಕಷಾಯದಷ್ಟು ಕಹಿ, ಅಭ್ಯಾಸವಾಗಿಬಿಟ್ಟಿದೆ.

ಶಾಲೆಯಲ್ಲಿ ಮಾತ್ರ ಮೈಸ್ವೇ ಮೊದಲಿನಂತೆಯೇ. ಒಂದು ಸೊಲ್ಲಿಲ್ಲ.

ಡಿಸೆಂಬರ್ 10, ಭಾನುವಾರ

ಹೋ ಅಜ್ಜಿಯ ಮನೆಯ ಬೆಚ್ಚನೆ ಮಂಚದ ಮೇಲೆ ಮೂವರೂ ಕೂತು ಆಲೂಗಡ್ಡೆ ಹೆರೆಯುತ್ತಿದ್ದೆವು. ಹೇಳಬೇಕೆಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ.

“ಮೈಸ್ವೇ, ಅವತ್ತು ನಾನು ಸುಳ್ಳು ಹೇಳ್ದೆ. ಕಾಗದದ ಬಟ್ಟೆ ಕಳಿಸೋದು ಸತ್ತವರಿಗೆ ಮಾತ್ರ. ನಿನಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ತಪ್ಪು ನಿಂದಲ್ಲ, ನಂದು.”

ಅವಳು ಹೆರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ, ಮೂರು ತಿಂಗಳಲ್ಲಿ ಮೊದಲ ಸಲ, ನನ್ನೊಂದಿಗೆ ಮಾತಾಡಿದಳು.

“ನಿಮಗೆ ಯಾರು ಸತ್ತಿದಾರೆ?”

ಕೈಯಲ್ಲಿದ್ದ ಆಲೂಗಡ್ಡೆಯನ್ನು ಎರಡು ಸಲ ಹೆರೆದೆ. ಬಿಳಿ ತಿರುಳೂ ಸಿಪ್ಪೆಯ ಜೊತೆ ಹೋಯಿತು.

“ಅಮ್ಮ,” ಅಂದೆ.

ಹೋ ಅಜ್ಜಿಯ ಚಾಕು ನಿಂತಿತು. “ಯಾವ ಅಮ್ಮ? ನಾನು ಅಟ್ಟೆ ಹೊಲ್ದು ಕೊಟ್ಟೆನಲ್ಲ, ಆ ಅಮ್ಮಾನಾ?”

“ಹೌದು ಅಜ್ಜಿ.”

“ಕಳಿಸ್ದೆ, ಸರಿಯಾಗಿ ಆಯ್ತು, ಇಷ್ಟ ಆಯ್ತಂತೆ ಅಂದ್ಯಲ್ಲ!”

“ಪೆಟ್ಟಿಗೇಲಿದೆ.”

ಈಗ ಲಟ್ಟಣಿಗೆಗೇ ಕೈ ಹಾಕುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟಳು. “ಒಳ್ಳೇ ಜೋಡಿ ಕಣ್ರೇ ನೀವು. ಇವಳು ಬದುಕಿದ್ದೋಳಿಗೆ ಬಟ್ಟೆ ಸುಟ್ಲು, ನೀನು ಸತ್ತೋಳಿಗೆ ಅಟ್ಟೆ ಹೊಲ್ಸಿದೆ. ಯಾವಾಗ ಹೋಗಿದ್ದು?”

“ಮಾರ್ಚಲ್ಲಿ.”

“ಚಳಿಗೆ ಏನಾದ್ರೂ ಕಳಿಸಿದ್ಯಾ?”

“ನಮ್ಮ ಕಡೆ ಆ ಪದ್ಧತಿ ಇಲ್ಲ.”

“ಈಗ ನಮ್ಮ ಕಡೆ ಇದ್ದೀಯಲ್ಲ,” ಎಂದು ಮತ್ತೆ ಆಲೂಗಡ್ಡೆ ಎತ್ತಿಕೊಂಡಳು.

ಡಿಸೆಂಬರ್ 22, ಶುಕ್ರವಾರ

ಇವತ್ತು ವರ್ಷದ ಅತಿ ಚಿಕ್ಕ ಹಗಲು. ಶಾಲೆಯಲ್ಲಿ ಮಕ್ಕಳ ಜೊತೆ ಕೂತು ಕಡುಬು ಮಡಿಸಿದೆವು. ನಮ್ಮ ಊರಲ್ಲಿ ಈ ದಿನ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಒಂದೆರಡನ್ನು ಬಾಗಿಲ ಮರಕ್ಕೆ ಅಂಟಿಸುತ್ತೇವೆ ಎಂದು ಹೇಳಿದೆ. “ಇಲಿ ತಿನ್ನಲ್ವಾ ಟೀಚರ್?” ಎಂದಳು ಜಿನ್‌ಝಿ. ನಮ್ಮಮ್ಮ ಸ್ಟೂಲು ಹತ್ತಿ ಅಂಟಿಸುತ್ತಿದ್ದಳು, ನಾನು ಸ್ಟೂಲು ಹಿಡಿದುಕೊಳ್ಳುತ್ತಿದ್ದೆ ಎಂದೂ ಹೇಳಿದೆ. ಇಷ್ಟು ಮಾತು ಯಾಕೆ ಬಂತೋ.

ಸಂಜೆ ಹೋ ಅಜ್ಜಿ ಕರೆಯಲು ಬಂದಳು. ಹತ್ತನೇ ತಿಂಗಳು ತಪ್ಪಿಸಿದವರು ಈ ದಿನ ಕಳಿಸಬಹುದಂತೆ. ಮೈಸ್ವೇ ಕೋಟು ಕತ್ತರಿಸಿ ಸಿದ್ಧ ಮಾಡಿದ್ದಳು. ಈ ಸಲ ಕಂದು ಬಣ್ಣ. “ಹೆಸರು?” ಎಂದು ಕೇಳಿದಳು. ನನ್ನ ಅಮ್ಮನ ಹೆಸರನ್ನು ಸ್ಲೇಟಿನ ಮೇಲೆ ಬರೆದೆ, ಅವಳು ನೋಡಿ ಬರೆದಳು.

ಅಡ್ಡರಸ್ತೆಯಲ್ಲಿ ಅಜ್ಜಿ ಕೋಲಿನಿಂದ ವೃತ್ತ ಎಳೆದು, ಆಗ್ನೇಯಕ್ಕೆ ಒಂದು ಬಾಗಿಲು ಬಿಟ್ಟಳು. ಸಮುದ್ರ ಆ ಕಡೆ. ಕೋಟು ಇಟ್ಟೆವು. ಅದರ ಮೇಲೆ ಆ ಕಸೂತಿಯ ಅಟ್ಟೆಗಳನ್ನೂ ಇಟ್ಟೆ. ಕೆಂಪು ನೂಲಿನ ದಾಳಿಂಬೆ ಹೂವು, ಎಷ್ಟು ಸಣ್ಣ ಹೊಲಿಗೆ. ಅಜ್ಜಿ ಬೇಡ ಎನ್ನಲಿಲ್ಲ. ಬಟ್ಟೆ ಬೇಗ ಹತ್ತಿಕೊಳ್ಳುವುದಿಲ್ಲ, ಹೊಗೆಯಾಡುತ್ತ ನಿಧಾನವಾಗಿ ಸುಟ್ಟಿತು.

“ಅಳವ್ವಾ,” ಅಂದಳು ಅಜ್ಜಿ. “ಅತ್ರೆ ನಾಚ್ಕೆ ಏನಿಲ್ಲ.”

ಅಳು ಬರಲಿಲ್ಲ. ಮಾರ್ಚ್‌ನಲ್ಲೂ ಬಂದಿರಲಿಲ್ಲ, ನೆಂಟರು ಕಲ್ಲು ಎಂದಿದ್ದರು. ಮೈಸ್ವೇ ಬೆಂಕಿ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

ಜನವರಿ 3, ಬುಧವಾರ

ಪರೀಕ್ಷೆಗೆ ಎಂಟು ದಿನ. ಮನೆಯಲ್ಲಿ ಮೈಸ್ವೇ ಈಗ ನನ್ನನ್ನೇ ಗದರಿಸುತ್ತಾಳೆ, “ಸಿಪ್ಪೆ ದಪ್ಪ ಹೆರೀಬೇಡಿ ಟೀಚರ್” ಎಂದು. ಶಾಲೆಯ ಹೊಸ್ತಿಲು ದಾಟಿದರೆ ಮುಗಿಯಿತು. ಚಂದ್ರನ ಹಬ್ಬದ ಐದು ವಾಕ್ಯ ನೂರು ಸಲ ಹೇಳಿಸಲು ನೋಡಿದೆ. ಹಲಗೆ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ತುಟಿ ಬಿಗಿಯುತ್ತಾಳೆ.

ಪಟ್ಟಣದ ಶಾಲೆಯಿಂದ ಅವಳಿಗೆ ಬೇಕಾದ ಹಾಸಿಗೆ, ತಟ್ಟೆ, ಲೋಟದ ಪಟ್ಟಿ ಬಂದಿದೆ. ಮೂ ಅದನ್ನು ಅಜ್ಜಿಗೆ ತೋರಿಸಿಲ್ಲ. ನನಗೆ ತೋರಿಸಿ ಡ್ರಾಯರಿನಲ್ಲಿಟ್ಟರು. ನನಗೆ ಭಯವಾಗುತ್ತಿದೆ. ಅವಳು ಮತ್ತೊಂದು ಗೊತ್ತಿಲ್ಲದ ಹಾಸಿಗೆಯಲ್ಲಿ ಕಣ್ಣು ಬಿಡುವುದನ್ನು ನೆನೆದರೆ ಅನ್ನ ಇಳಿಯುವುದಿಲ್ಲ.

ಮೂ ಇನ್ನೊಂದು ಫಾರಂ ಕೊಟ್ಟರು, ಮುಂದಿನ ಅವಧಿಗೂ ಇರುವವರು ತುಂಬುವುದು. ಪಾಪ, ಅಷ್ಟು ಕೇಳಿದರು ಎಂದು ತುಂಬಿ ಕೊಟ್ಟೆ. ಸೂಟ್‌ಕೇಸಿನಲ್ಲಿ ಮೈಸ್ವೇ ಕೋಳಿಮರಿ ಬೆಚ್ಚಗಿಟ್ಟಿದ್ದಾಳೆ, ಆಮೇಲೆ ಪೆಟ್ಟಿಗೆ ತೊಳೆಯಬೇಕು.

ಜನವರಿ 11, ಗುರುವಾರ

ತಾಲೂಕಿನಿಂದ ಬಂದವರು ಇಬ್ಬರು. ಪ್ರಶ್ನೆ ಕೇಳುವವರು ಪಾಂಗ್ ಎಂಬ ದಪ್ಪ ಕನ್ನಡಕದ ಮೇಡಂ. ಬರೆದುಕೊಳ್ಳಲು ಒಬ್ಬ ಗುಮಾಸ್ತ. ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ನಾನು ಹಲಗೆಯ ಪಕ್ಕ, ಮೂ ಬಾಗಿಲಲ್ಲಿ. ಹೊರಗೆ ಕಿಟಕಿಗೆ ಹೋ ಅಜ್ಜಿಯ ಮೂಗು ಅಂಟಿತ್ತು.

ಜಿನ್‌ಝಿ ಐದು ಕೇಳಿದರೆ ಹದಿನಾಲ್ಕು ಹೇಳಿದಳು, ಸಾಕು ಎಂದು ಕೂರಿಸಬೇಕಾಯಿತು. ಕೊನೆಗೆ ಮೈಸ್ವೇ. ಚಿತ್ರ ಎತ್ತಿಕೊಂಡಳು. ಚಂದ್ರನ ಹಬ್ಬವಲ್ಲ. ಹಬೆಯಾಡುವ ಕಡುಬಿನ ತಟ್ಟೆ, ಚಿಕ್ಕ ಹಗಲಿನ ದಿನದ್ದು.

“ಹೇಳಮ್ಮಾ,” ಅಂದರು ಪಾಂಗ್ ಮೇಡಂ. “ಆ ದಿನ ಏನೇನು ಮಾಡಿದ್ರಿ?”

ಒಲೆಯಲ್ಲಿ ಕಲ್ಲಿದ್ದಲು ಚಟಪಟ ಅಂದಿತು. ಗುಮಾಸ್ತ ಗಡಿಯಾರ ನೋಡಿದ. “ಕಡುಬು ತಿಂದೆವು ಅಂತ ಹೇಳು ಸಾಕು,” ಎಂದು ಪಾಂಗ್ ಮೇಡಂ ತಾವೇ ಹೇಳಿಕೊಟ್ಟರು. ಪಾಪ, ಒಳ್ಳೆಯವರು. ಮೈಸ್ವೇ ತುಟಿ ಬಿಗಿದಿದ್ದಳು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. ನಾನು ಹಲಗೆಗೆ ಒರಗಿದೆ.

ಮೈಸ್ವೇ ಚಿತ್ರವನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

“ಅವತ್ತು ನಾವು ಅಡ್ಡರಸ್ತೇಗೆ ಹೋದ್ವಿ,” ಅಂದಳು.

ಪುಸ್ತಕದ ಮಾತಲ್ಲ, ಯಾಂಗ್‌ವಾನಿನ ಮಾತು. ಆದರೂ ಒಂದು. ಜಿನ್‌ಝಿ ಬಾಯಿಗೆ ಎರಡೂ ಕೈ ಮುಚ್ಚಿಕೊಂಡಳು.

“ನಮ್ ಟೀಚರ್ ಅಮ್ಮ ಸತ್ತೋಗಿದಾರೆ.”

ಎರಡು. ಮೂ ತಟ್ಟನೆ ನನ್ನ ಕಡೆ ತಿರುಗಿದರು.

“ಅವರಿಗೆ ನಾನು ಕಾಗದದ ಕೋಟು ಮಾಡ್ದೆ, ಕಂದು ಬಣ್ಣದ್ದು.”

ಮೂರು.

“ನಮ್ಮಮ್ಮ ಬದುಕಿದಾಳೆ, ಅವಳಿಗೆ ಅಂಗಡಿ ಕೋಟೇ ಬೇಕು.”

ನಾಲ್ಕು. ಕಿಟಕಿಯಲ್ಲಿದ್ದ ಮೂಗು ಮರೆಯಾಗಿ ಮತ್ತೆ ಬಂತು. ಮೈಸ್ವೇ ಪಾಂಗ್ ಮೇಡಂ ಕಡೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು, ಆ ಸಂಜೆ ನೋಡಿದ ಹಾಗೆಯೇ.

“ಎಲ್ಲಾ ಸುಟ್ಟೋದ್ರೂ ಟೀಚರ್ ಅಳ್ಳೇ ಇಲ್ಲ.”

ಐದು ಎಂದು ಎಣಿಸಬೇಕಿತ್ತು. ನನ್ನಿಂದ ಆಗಲಿಲ್ಲ. ಪಾಂಗ್ ಮೇಡಂ ಗುಮಾಸ್ತನಿಗೆ “ಬರ್ಕೊಳ್ಳಿ, ಐದಾಯ್ತು” ಅನ್ನುವುದು ಎಲ್ಲೋ ದೂರದಿಂದ ಕೇಳಿಸಿತು. ಆಮೇಲೆ ಅವರು ನನ್ನ ಕಡೆ ತಿರುಗಿ, ನಿಧಾನವಾಗಿ, “ಹೌದಾ ಟೀಚರ್?” ಎಂದು ಕೇಳಿದರು.

“ಹೌದು,” ಅಂದೆ. “ನನ್ನಮ್ಮ ಸತ್ತೋದ್ರು. ಮಾರ್ಚ್ ಒಂಬತ್ತಕ್ಕೆ.”

ಅಷ್ಟು ಹೇಳಿದ್ದೇ ತಡ, ಹನ್ನೊಂದು ಮಕ್ಕಳ ಮುಂದೆ, ತಾಲೂಕಿನವರ ಮುಂದೆ, ಹಲಗೆ ಹಿಡಿದುಕೊಂಡು ಅತ್ತೆ. ಸದ್ದು ಮಾಡಿ ಅತ್ತೆ, ನಮ್ಮ ಊರಿನ ಹೆಂಗಸರು ಹೆಣದ ಮುಂದೆ ಅಳುವ ಹಾಗೆ. ನಿಲ್ಲಿಸಲು ಆಗಲಿಲ್ಲ. ಮೈಸ್ವೇ ಬಂದು ನನ್ನ ಪಕ್ಕ ನಿಂತು ಮಕ್ಕಳ ಕಡೆ ತಿರುಗಿದಳು.

“ಯಾರೂ ನಗ್ಬೇಡಿ,” ಅಂದಳು.